ಊರಿಗೆಲ್ಲ ಹೆಸರಿಟ್ಟವಳು

ನನ್ನ ಹೆಸರು ಸೇಲಾ. ಇಟ್ಟವಳು 'ನಾನಾ'. ಜಮೈಕಾದ ಈ ಗುಡ್ಡಗಾಡಿನಲ್ಲಿ ನಾವು ಸೂಲಗಿತ್ತಿಯನ್ನು ಕರೆಯುವುದೇ ಹಾಗೆ. ಪಿಸ್ಗಾ ಗುಡ್ಡದ ಮೇಲೆ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಮೊದಲು ಎತ್ತಿಕೊಳ್ಳುತ್ತಿದ್ದವಳು ಅವಳೇ. ಹಾಗಾಗಿ ಹೆಸರಿಡುವ ಹಕ್ಕೂ ತನ್ನದೇ ಎಂದು ತೀರ್ಮಾನಿಸಿಬಿಟ್ಟಿದ್ದಳು. ಓದು ಅಷ್ಟಕ್ಕಷ್ಟೆ. ಬೈಬಲ್ ತೆರೆದು, ಕಣ್ಣು ಮುಚ್ಚಿ ಬೆರಳಿಡುವಳು. ಅಲ್ಲಿ ಸಿಕ್ಕ ಹೆಸರು ಮಗುವಿಗೆ. ನಮ್ಮೂರಿನ ಕಟುಕ ನೆಬೂಜರದಾನ್ ಆದದ್ದು, ಬಟ್ಟೆ ಹೊಲಿಯುವವಳು ಕೆರೆನ್‌ಹಪ್ಪೂಕ್ ಆದದ್ದು, ಅವಳ ಅವಳಿ ತಮ್ಮಂದಿರು ಊಜ್, ಬೂಜ್ ಆದದ್ದು ಹೀಗೆಯೇ.

ನನ್ನ ಸರದಿಯಲ್ಲಿ ಬೆರಳು ಕೀರ್ತನೆಗಳ ಮೇಲೆ ಬಿತ್ತು. ಅಲ್ಲಿ ಸಾಲುಗಳ ಕೊನೆಗೆ ಮತ್ತೆ ಮತ್ತೆ 'ಸೇಲಾ' ಎಂದಿರುತ್ತದೆ. ಇಷ್ಟು ಕಡೆ ರುಜು ಹಾಕಿದವನು ಭಾರಿ ದೊಡ್ಡ ಮನುಷ್ಯನೇ ಇರಬೇಕೆಂದು ನಾನಾ ಭಾವಿಸಿದಳು. ದೀಕ್ಷಾಸ್ನಾನದ ದಿನ ಪಾದ್ರಿ ಕತ್ಬರ್ಟ್ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ತಕರಾರು ತೆಗೆದರಂತೆ.

"ಇದು ಹೆಸರಲ್ಲಮ್ಮ. ಹಾಡೋರು ಇಲ್ಲಿ ಸ್ವಲ್ಪ ನಿಲ್ಲಿ ಅಂತ ಬರೆದಿರೋದು."

ನಾನಾ ಬೈಬಲನ್ನು ಅವರ ಮೂಗಿನ ಕೆಳಗೆ ಹಿಡಿದಳು. "ನಮ್ಮ ಸೇಲಾ ಇಲ್ಲಿ ಪುಟಪುಟಕ್ಕೂ ಇದಾನೆ. ನಿಮ್ಮ ಕತ್ಬರ್ಟ್ ಎಲ್ಲಿದಾನೆ? ಒಂದೇ ಒಂದು ಕಡೆ ತೋರಿಸಿ, ಸಾಕು."

ಪಾದ್ರಿ ತೆಪ್ಪಗೆ ನನ್ನ ತಲೆಗೆ ನೀರು ಹಾಕಿದರು. "ನಿಲ್ಲು ಅಂತ ಹೆಸರಿಟ್ಕೊಂಡು ನಿನ್ನ ಬಾಯಿ ಮಾತ್ರ ಒಂದಿನವೂ ನಿಂತಿಲ್ಲ" ಎಂದು ನನ್ನ ಹೆಂಡತಿ ಈಗಲೂ ಹಂಗಿಸುತ್ತಾಳೆ.

ನಾನಾಳಿಗೆ ತೊಂಬತ್ತರ ಆಸುಪಾಸು ವಯಸ್ಸಾಗಿದ್ದಾಗ ಇಂಗ್ಲೆಂಡಿನಿಂದ ಮಾರ್ವಾ ಎಂಬ ನರ್ಸ್ ಬಂದಳು. ತನ್ನ ವಂಶದ ಬೇರು ಹುಡುಕುತ್ತಿದ್ದಳು. ಅವಳ ಅಜ್ಜಿ ರೋಡಾ ದ್ವೀಪದ ಆಚೆ ತುದಿಯವಳು. ರೋಡಾಳ ಅಕ್ಕ ಫಿಬ್ಬಾ ಎಂಬವಳು ಹರೆಯದಲ್ಲೇ ಮನೆ ಬಿಟ್ಟು ಪಿಸ್ಗಾ ಗುಡ್ಡಕ್ಕೆ ಬಂದಿದ್ದಳಂತೆ. ಆಮೇಲೆ ಸುದ್ದಿಯಿಲ್ಲ.

ರಮ್ ಅಂಗಡಿಯ ಜಗಲಿಯಲ್ಲಿ ಅವಳು ವಿಚಾರಿಸಿದಾಗ ನೆಬೂಜರದಾನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಫಿಬ್ಬಾ? ಅದೆಂಥ ಹೆಸರಮ್ಮ! ನಾನು ಕತ್ತೆಗೂ ಇಡಲ್ಲ."

ಫಿಬ್ಬಾ ಎಂದರೆ ಶುಕ್ರವಾರ ಹುಟ್ಟಿದವಳು. ಆಫ್ರಿಕಾದಿಂದ ಗುಲಾಮರನ್ನಾಗಿ ತಂದ ಮುತ್ತಜ್ಜಿಯರ ಕಾಲದ ಹೆಸರು. ನಮ್ಮಲ್ಲಿ ಅದನ್ನು ಬೈಗುಳವಾಗಿ ಬಳಸುವವರೇ ಹೆಚ್ಚಾಗಿದ್ದರು. ಊರಿನ ಹೆಸರುಗಳೆಲ್ಲ ಗೊತ್ತಿರುವುದು ನಾನಾಳಿಗೆ ಎಂದು ನಾನು ಮಾರ್ವಾಳನ್ನು ಅವಳ ಮನೆಗೆ ಕರೆದುಕೊಂಡು ಹೋದೆ.

ನಾನಾ ತೊಗರಿಕಾಳಿನ ಸಾರು ಕುದಿಸುತ್ತಿದ್ದಳು. ಬಂದವಳಿಗೆ ಬಟ್ಟಲು ತುಂಬ ಬಡಿಸಿ, ಹಿಟ್ಟಿನ ಉಂಡೆ ಹಾಕಿ, ಎಲ್ಲ ಕೇಳಿಸಿಕೊಂಡು, "ಫಿಬ್ಬಾ? ಈ ಗುಡ್ಡದಲ್ಲಿ ಅಂಥವಳು ಯಾರೂ ಇರಲಿಲ್ಲ. ತಿನ್ನು ಮಗಳೇ" ಅಂದಳು.

"ಸಿಗದಿದ್ರೆ ಹೋಗಲಿ ಬಿಡಿ," ಅಂದಳು ಮಾರ್ವಾ. "ಅವಳೇನೂ ಒಳ್ಳೆಯವಳಲ್ವಂತೆ. ಅವರಮ್ಮನ ಕಬ್ಬಿಣದ ಪಾತ್ರೆ ಕದ್ಕೊಂಡು ಓಡಿಹೋದ್ಲು ಅಂತ ನಮ್ಮಜ್ಜಿ ಸಾಯೋ ತನಕ ಬೈತಿದ್ಲು."

ನಾನಾಳ ಕೈಯ ಸೌಟು ಗೋಡೆಗೆ ಬಡಿಯಿತು.

"ಕದ್ದದ್ದಾ? ನಮ್ಮಮ್ಮ ತನ್ನ ಕೈಯಾರೆ ಕೊಟ್ಟಳು ನನಗೆ! ತಳ ಸೀಯಿಸಿದ್ದು ಆ ರೋಡಾ! ಇಲ್ನೋಡು, ಕಲೆ ಇನ್ನೂ ಹೋಗಿಲ್ಲ!" ಎಂದು ಕುದಿಯುತ್ತಿದ್ದ ಪಾತ್ರೆಯನ್ನೇ ಒಲೆಯಿಂದ ಇಳಿಸಲು ಹೋದಳು. ನಾನು ಅಡ್ಡ ಬರದಿದ್ದರೆ ಮೂವರ ಕಾಲೂ ಸುಡುತ್ತಿತ್ತು.

ಮಾರ್ವಾ ಅಳುತ್ತ, ನಗುತ್ತ ಅವಳ ಕಾಲಬುಡದಲ್ಲಿ ಕೂತಳು. "ದೊಡ್ಡಜ್ಜಿ, ಯಾಕೆ ಮುಚ್ಚಿಟ್ಟಿರಿ?"

"ಸ್ಕೂಲಲ್ಲಿ ಮೇಷ್ಟ್ರು ಹೆಸರು ಕರೆದ್ರೆ ಬೆಂಚುಬೆಂಚೇ ನಗ್ತಿತ್ತು, ಮೇಷ್ಟ್ರೂ ಸೇರಿ. ಈ ಗುಡ್ಡ ಹತ್ತಿದ ದಿನವೇ ಆ ಹೆಸರನ್ನ ಕೆಳಗೇ ಬಿಟ್ಟು ಬಂದೆ. ನಾನು ಎತ್ತಿಕೊಳ್ಳೋ ಒಂದು ಮಗುವನ್ನೂ ನೋಡಿ ಯಾರೂ ನಗಬಾರದು ಅಂತ ದೇವರ ಪುಸ್ತಕದಿಂದಲೇ ಹೆಸರು ತೆಗೆದೆ. ಅಲ್ವೇನೋ ಸೇಲಾ?"

ನಾನು, ಊಜ್, ಬೂಜ್ ಶಾಲೆಯಲ್ಲಿ ಪಟ್ಟ ಪಾಡು ನನ್ನ ನಾಲಿಗೆ ತುದಿಗೆ ಬಂತು. "ಹೌದು ನಾನಾ, ಒಬ್ಬರೂ ನಗಲಿಲ್ಲ" ಅಂದೆ.

ಭಾನುವಾರ ಚರ್ಚಿನಲ್ಲಿ ಪಾದ್ರಿಯ ಪ್ರವಚನ ಮುಗಿಯುವ ಮೊದಲೇ ನಾನಾ ಎದ್ದು ನಿಂತಳು. ಮಾರ್ವಾ ತೋಳು ಹಿಡಿದುಕೊಂಡಿದ್ದಳು.

"ಕೇಳಿ ಎಲ್ಲರೂ. ನನ್ನ ಹೆಸರು ಫಿಬ್ಬಾ. ನಗೋರಿದ್ರೆ ಈಗಲೇ ನಕ್ಕುಬಿಡಿ. ಇಲ್ಲಿ ಕೂತಿರೋರನ್ನೆಲ್ಲ ಮೈಮೇಲೆ ನೂಲಿಲ್ಲದೆ ನೋಡಿದೀನಿ. ಯಾರ ಯಾರ ಎಲ್ಲೆಲ್ಲಿ ಮಚ್ಚೆ ಇದೆ ಅಂತ ನನಗೆ ಗೊತ್ತು. ನೆಬೂಜರದಾನ್, ನಿನ್ನಿಂದಲೇ ಶುರು ಮಾಡ್ಲಾ?"

"ಚೆನ್ನಾಗಿದೆ ಹೆಸರು, ಮಿಸ್ ಫಿಬ್ಬಾ!" ಎಂದು ಹಿಂದಿನ ಸಾಲಿನಿಂದ ಅವನ ದನಿ ಬಂತು. "ಬಹಳ ಚೆನ್ನಾಗಿದೆ!"

ಅಂದಿನಿಂದ ಊರಿಗೆ ಊರೇ ಮಿಸ್ ಫಿಬ್ಬಾ ಅನ್ನತೊಡಗಿತು. ಮಾರ್ವಾ ವಾಪಸು ಹೋಗುವಾಗ, ಬೇರೆ ಮಾತಿಗಿಂತ ಮೊದಲು, ಪಾತ್ರೆಯ ವಿಷಯವನ್ನು ನೆಂಟರಿಗೆಲ್ಲ ತಿಳಿಸಬೇಕೆಂದು ಮುದುಕಿ ಅವಳಿಂದ ಆಣೆ ಹಾಕಿಸಿಕೊಂಡಳು.

ಕೆಲವು ತಿಂಗಳ ಮೇಲೆ ಕೆರೆನ್‌ಹಪ್ಪೂಕಳ ಸೊಸೆ ಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಮುದುಕಿಯನ್ನು ಮೆಚ್ಚಿಸಲು ಮಗುವಿಗೆ ಫಿಬ್ಬಾ ಎಂದು ಹೆಸರಿಡಬಹುದೇ ಎಂದು ಮನೆಯವರೆಲ್ಲ ಅವಳನ್ನು ಕೇಳಲು ಬಂದರು.

"ಯಾವ ದಿನ ಹುಟ್ಟಿದ್ದು?"

"ಮಂಗಳವಾರ, ಮಿಸ್ ಫಿಬ್ಬಾ."

"ಹಾಗಾದ್ರೆ ಆಗಲ್ಲ. ಫಿಬ್ಬಾ ಶುಕ್ರವಾರದವಳು. ಮಂಗಳವಾರದವಳು ಬೆನೆಬಾ."

ಮಗುವಿನ ಅಪ್ಪ ಟೋಪಿ ಹಿಸುಕುತ್ತ, "ಅದೂ... ಮಿಸ್ ಫಿಬ್ಬಾ, ಬೈಬಲಿಂದಲೇ ಒಂದು ತೆಗೆದುಕೊಡ್ತೀರಾ?" ಅಂದ.

ಅವನನ್ನು ಅವಳು ಬೈದ ಬೈಗುಳ ಕೆಳಗಿನ ಸೇತುವೆಯ ತನಕ ಕೇಳಿಸಿತು. ಮಗು ಬೆನೆಬಾಳೇ ಆದಳು.