ಆಯಿಲ್ ಅಲ್ಲದ ಆಯಿಲ್

ನಮ್ಮ ಮನೆಯವರು ಬ್ರೇಕ್ ಮೆಕ್ಯಾನಿಕ್. ಕೂತಲ್ಲಿ ಕೂರುವ ಆಸಾಮಿಯಲ್ಲ. ಊಟಕ್ಕೆ ಕೂತಾಗಲೂ ಅವರ ಬಲಗಾಲು ಇಲ್ಲದ ಪೆಡಲ್ ಒತ್ತುತ್ತಿರುತ್ತದೆ. ಬ್ರೇಕ್ ಆಯಿಲ್ ವಿಷಯದಲ್ಲಂತೂ ಮಹಾ ಕಟ್ಟುನಿಟ್ಟು. ಅದು ಗಾಳಿಯಲ್ಲಿರುವ ನೀರನ್ನು ಹೀರುತ್ತದಂತೆ, ಆ ನೀರು ಒಳಗೊಳಗೇ ಸಿಲಿಂಡರಿಗೆ ತುಕ್ಕು ಹಿಡಿಸುತ್ತದಂತೆ. ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಮತ್ತೆ ಮುಟ್ಟುವುದಿಲ್ಲ. ಅದು ಎಣ್ಣೆಯೇ ಅಲ್ಲ ಎಂದು ನನಗೆ ಹೇಳಿಕೊಟ್ಟವರೂ ಇವರೇ, ಬರೀ ‘ಆಯಿಲ್’ ಎಂದು ಕರೆಯುವವರೂ ಇವರೇ.

“ಸರಿಯಾದ ಹೆಸರು ಹೇಳ್ರೀ” ಎಂದರೆ, “ಗೊತ್ತಿರೋರಿಗೆ ಗೊತ್ತಾಗುತ್ತೆ ಬಿಡೇ” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡ ಇವರನ್ನು ಎತ್ತಿ ಆಡಿಸಿ ಬೆಳೆಸಿದ್ದು ಅಕ್ಕ. ಅಕ್ಕ ಈಗ ಬ್ರೆಡ್ ವ್ಯಾನ್ ಓಡಿಸುತ್ತಾರೆ. ವ್ಯಾನ್ ಹೊಸದಿದ್ದಾಗ ಇವರು ಬಾನೆಟ್ ಮೇಲೆ ಬ್ರೇಕ್ ಆಯಿಲ್ ಚೆಲ್ಲಿ, ಒರೆಸಲು ಮರೆತಿದ್ದರಿಂದ ಅಂಗೈಯಗಲ ಬಣ್ಣ ಸುಕ್ಕುಗಟ್ಟಿ ಎದ್ದುಹೋಯಿತು. “ನನ್ನ ತಮ್ಮನ ಕೈಗುಣ ನೋಡಿ” ಎಂದು ಅಕ್ಕ ಕಂಡಕಂಡವರಿಗೆ ತೋರಿಸುತ್ತಾರೆ. ಬಣ್ಣ ಹೊಡೆದುಕೊಡುತ್ತೇನೆಂದು ಇವರು ಎಷ್ಟು ಗೋಗರೆದರೂ ಬಿಟ್ಟಿಲ್ಲ.

ಮೊನ್ನೆ ಬೆಳಿಗ್ಗೆ ಅಕ್ಕ ಅವಸರದಲ್ಲಿ ನಮ್ಮ ಮನೆ ಮುಂದಿನ ಗ್ಯಾರೇಜಿಗೆ ಬಂದರು. ಇವರು ಕಾರಿನಡಿ ಮಲಗಿದ್ದರು.

“ಬ್ರೇಕಿನ ಕೆಂಪು ದೀಪ ಹತ್ತಿದೆ ಕಣೋ.”

“ಆಯಿಲ್ ಕಡಿಮೆ ಆಗಿರ್ಬೇಕು. ಅಲ್ಲೇ ಇದೆ, ಸ್ವಲ್ಪ ಹಾಕ್ಕೊಂಡು ಹೋಗು. ಸಂಜೆ ನೋಡ್ತೀನಿ.”

ಒಂದು ಗಂಟೆಯಾದ ಮೇಲೆ ಇವರು ಬ್ರೇಕ್ ಆಯಿಲ್ ಡಬ್ಬಿಗೆ ಕೈ ಹಾಕಿದರು. ಸೀಲ್ ಒಡೆದಿರಲಿಲ್ಲ. ಪಕ್ಕದಲ್ಲಿ ಇಂಜಿನ್ ಆಯಿಲ್ ಕ್ಯಾನಿನ ಮುಚ್ಚಳ ತೆರೆದಿತ್ತು. ಇವರು ಡಬ್ಬಿಯನ್ನು ಹಾಗೇ ಬಿಟ್ಟು ನನ್ನತ್ತ ಓಡಿ ಬಂದರು.

“ಇಂಜಿನ್ ಆಯಿಲ್ ಸುರ್ಕೊಂಡು ಹೋಗಿದ್ದಾಳೆ ಕಣೇ! ಒಳಗಿನ ರಬ್ಬರೆಲ್ಲ ಉಬ್ಬುತ್ತೆ. ಬ್ರೇಕ್ ಯಾವಾಗ ಕೈ ಕೊಡುತ್ತೋ ಹೇಳಕ್ಕಾಗಲ್ಲ.”

ಅಕ್ಕನ ದಾರಿಯಲ್ಲಿ ಬೆಟ್ಟದ ಇಳಿಜಾರಿದೆ. ಗಾಡಿ ಓಡಿಸುವಾಗ ಅವರು ಫೋನ್ ಎತ್ತುವುದಿಲ್ಲ. ಆ ಶಿಸ್ತಿಗೆ ಅವತ್ತು ಶಾಪ ಹಾಕಿದೆ. ಇಬ್ಬರೂ ಸ್ಕೂಟರ್ ಹತ್ತಿದೆವು. ನಾನು ಹಿಂದೆ ಕೂತು ಹತ್ತು ಸಲ ಫೋನ್ ಮಾಡಿದೆ. ಇವರು ಸಿಗ್ನಲ್ಲಿನಲ್ಲಿ ನಿಲ್ಲಲಾರದೆ ಚಡಪಡಿಸುತ್ತಿದ್ದರು. ಅಕ್ಕನದರ ಹಾಗೆ ಬಿಳಿ ವ್ಯಾನ್ ಎದುರು ಬಂದಾಗಲೆಲ್ಲ ನಾನು ಕತ್ತು ಚಾಚಿ ಅದರ ಬಾನೆಟ್ ನೋಡುತ್ತಿದ್ದೆ.

ಇಳಿಜಾರು ಶುರುವಾಗುವ ತಿರುವಿನಲ್ಲಿ ಒಂದು ಅಂಗಡಿ. ಅದರ ಮುಂದೆ, ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿತ್ತು ವ್ಯಾನ್. ಅಕ್ಕ ಸೊಂಟದ ಮೇಲೆ ಕೈಯಿಟ್ಟು ಬಾನೆಟ್ ದಿಟ್ಟಿಸುತ್ತಿದ್ದರು.

“ಬಂದ್ಯಾ? ಈಗಷ್ಟೇ ಗಾಡಿ ನಿಲ್ಲಿಸ್ದೆ, ಫೋನ್ ಇನ್ನೂ ಬ್ಯಾಗಲ್ಲೇ ಇದೆ. ನೋಡೋ ಇಲ್ಲಿ, ಸುರಿಯುವಾಗ ಬಾನೆಟ್ ಅಂಚಿಗೆ ಚೆಲ್ಲಿತ್ತು. ಬ್ರೆಡ್ ಇಳಿಸಿ ಒರೆಸೋಣ ಅಂತ ಬಂದ್ರೆ ಬಣ್ಣ ಫಳಫಳ ಅಂತಿದೆ! ನಿನ್ನ ಆಯಿಲ್ ಆಗಿದ್ರೆ ಇಷ್ಟೊತ್ತಿಗೆ ಸುಲಿದು ಹಾಕ್ತಿತ್ತಲ್ಲ? ಏನೋ ಎಡವಟ್ಟಾಗಿದೆ ಅಂತ ಮುಂದಕ್ಕೆ ಹೋಗ್ಲಿಲ್ಲ.”

ಇವರು ರಸ್ತೆಯಂಚಿನಲ್ಲೇ ಕುಸಿದು ಕೂತು ಅತ್ತುಬಿಟ್ಟರು. “ನನ್ನ ಒಂದು ಮಾತಿಂದ ನಿನ್ನ ಪ್ರಾಣ ಹೋಗ್ತಿತ್ತಲ್ಲ ಅಕ್ಕ.”

“ಹೋಗ್ಲಿಲ್ವಲ್ಲ, ಏಳು ಮೇಲೆ” ಎಂದು ಅಕ್ಕ ತಲೆ ಸವರಿದರು.

ವ್ಯಾನನ್ನು ಎಳೆಸಿಕೊಂಡು ಬಂದು ಒಳಗಿನ ರಬ್ಬರನ್ನೆಲ್ಲ ಬದಲಾಯಿಸಿದ್ದಾಯಿತು. ಈಗ ಇವರ ಬಾಯಲ್ಲಿ ಒಂದೊಂದು ಡಬ್ಬಿಗೂ ಪೂರ್ತಿ ಹೆಸರು. ಕಾಲು ಮಾತ್ರ ಇನ್ನೂ ಪೆಡಲ್ ಒತ್ತುತ್ತಲೇ ಇದೆ. ಬಾನೆಟ್ಟಿಗೆ ಬಣ್ಣ ಹೊಡೆಯುವ ಮಾತನ್ನು ಆಮೇಲೆ ಇವರು ಎತ್ತಿಲ್ಲ.