ಕುರ್ಚಿಯಕ್ಕನ ಕಾನೂನು

ಶಾಸಕಿಯಾಗುವ ಮೊದಲು ಅವಳು ಮೂರಂತಸ್ತಿನ ಬಟ್ಟೆ ಅಂಗಡಿಯೊಂದರಲ್ಲಿ ಪರದೆ, ಹೊದಿಕೆ ಮಾರುತ್ತಿದ್ದಳು. ಅಲ್ಲಿ ಕೆಲಸದವರು ಕೂರುವಂತಿರಲಿಲ್ಲ. ಗಿರಾಕಿ ಇರಲಿ ಬಿಡಲಿ, ಬಾಗಿಲು ತೆರೆದಾಗಿನಿಂದ ಮುಚ್ಚುವ ತನಕ ನಿಂತೇ ಇರಬೇಕು. ಗೋಡೆಗೆ ಒರಗಿದರೂ ಮ್ಯಾನೇಜರ್ ದೂರದಿಂದಲೇ ಕೆಮ್ಮುತ್ತಿದ್ದ. ಒಂದು ಮಧ್ಯಾಹ್ನ ಪಕ್ಕದ ಕೌಂಟರಿನ ಬಸುರಿ ತಲೆಸುತ್ತು ಬಂದು ಬಟ್ಟೆ ಗಂಟಿನ ಮೇಲೆ ಕೂತಳು. ಮ್ಯಾನೇಜರ್ ಬಂದು, "ಇದೇನು ನಿಮ್ಮಪ್ಪನ ಮನೇನಾ?" ಎಂದ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಇವಳಿಗೆ ಆ ಕ್ಷಣ ಏನನ್ನಿಸಿತೋ, ಕೈಯಲ್ಲಿದ್ದ ಪರದೆಯನ್ನು ನೆಲಕ್ಕೆ ಹಾಸಿ ತಾನೂ ಕೂತುಬಿಟ್ಟಳು. ಅವಳನ್ನು ನೋಡಿ ಆ ಅಂತಸ್ತಿನ ಹೆಂಗಸರೆಲ್ಲ ಕೂತರು.

ಸಂಜೆಯೊಳಗೆ ಕೆಲಸ ಹೋಯಿತು. ಹೆಸರು ಮಾತ್ರ ಊರೆಲ್ಲ ಹಬ್ಬಿತು. ಒಳಜಗಳದಲ್ಲಿ ಮಾನ ಕಳೆದುಕೊಂಡಿದ್ದ ಪಕ್ಷವೊಂದಕ್ಕೆ ಆಗ ಕಳಂಕವಿಲ್ಲದ ಮುಖವೊಂದು ಬೇಕಿತ್ತು. ಟಿಕೆಟ್ ತಾನಾಗಿಯೇ ಮನೆ ಬಾಗಿಲಿಗೆ ಬಂತು. ಗೆದ್ದೂ ಬಿಟ್ಟಳು.

ಸದನದಲ್ಲಿ ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ಅಂಗಡಿ ಹೆಂಗಸರಿಗೆ ಶೌಚಾಲಯ ಎಲ್ಲಿ, ಅಂಗಡಿ ಮುಚ್ಚುವ ಹೊತ್ತಿಗೆ ಬಸ್ಸು ಯಾಕಿಲ್ಲ ಎಂದು ಕೇಳಿದಳು. ಸರ್ಕಾರಿ ಹೆರಿಗೆ ಆಸ್ಪತ್ರೆಯ ಜಾಗ ಮಾರುವ ಪ್ರಸ್ತಾಪ ಬಂದಾಗ ಸ್ವಂತ ಪಕ್ಷದ ವಿರುದ್ಧವೇ ಎದ್ದು ನಿಂತಳು, ಜಾಗ ಉಳಿಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಾರಾಟಗಾರ್ತಿಯರಿಗೆ ಕೂರುವ ಹಕ್ಕು ಬೇಕೆಂದು ಅಧಿವೇಶನದಿಂದ ಅಧಿವೇಶನಕ್ಕೆ ಹಟ ಹಿಡಿದಳು. "ನಾವೆಲ್ಲ ನಮ್ಮ ಕುರ್ಚಿಗೆ ಬಡಿದಾಡ್ತೀವಿ, ಇವರೊಬ್ಬರು ಬೇರೆಯವರ ಕುರ್ಚಿಗೆ" ಎಂದು ವಿರೋಧ ಪಕ್ಷದವನೊಬ್ಬ ನಗೆಯಾಡಿದ. ಅಂದಿನಿಂದ ಅವಳು ಎಲ್ಲರ ಬಾಯಲ್ಲಿ ಕುರ್ಚಿಯಕ್ಕ ಆದಳು.

ಎರಡನೆಯ ಅವಧಿಯಲ್ಲಿ ಕಾರ್ಮಿಕ ಸಚಿವರು ಅವಳನ್ನು ಕೋಣೆಗೆ ಕರೆಸಿದರು.

"ನಿಮ್ಮ ಕುರ್ಚಿ ಬರ್ತಾ ಇದೆಯಮ್ಮ. ಈ ಸಲ ಮಸೂದೇಲಿ ಸೇರಿಸಿದೀವಿ."

ಅವಳ ಕಣ್ಣು ತುಂಬಿತು. ಅವರು ಕೊಟ್ಟ ಕರಡಿನ ಪುಟ ತಿರುಗಿಸಿದಾಗ ಅದೇ ಮಸೂದೆಯಲ್ಲಿ ಇನ್ನೊಂದು ಮಾತು ಕಂಡಿತು: ಅಂಗಡಿಗಳಲ್ಲಿ ದಿನಕ್ಕೆ ಒಂಬತ್ತರ ಬದಲು ಹನ್ನೆರಡು ಗಂಟೆ ದುಡಿಸಿಕೊಳ್ಳಬಹುದು.

"ಇದು ಯಾಕೆ ಸರ್ ಇಲ್ಲಿ?"

"ವರ್ತಕರ ಸಂಘದವರನ್ನ ಒಪ್ಪಿಸಬೇಕಲ್ಲಮ್ಮ. ಕೂತ್ಕೊಂಡು ಹನ್ನೆರಡು ಗಂಟೆ ಏನು ಮಹಾ? ಬೇಡ ಅಂದ್ರೆ ಎರಡೂ ಇಲ್ಲ. ಆಮೇಲೆ ಪಕ್ಷದ ವಿಪ್ ಬೇರೆ ಇದೆ, ವಿರುದ್ಧ ಹಾಕಿದ್ರೆ ಶಾಸಕ ಸ್ಥಾನವೇ ಹೋಗುತ್ತೆ, ನೋಡಿ."

ಮನೆಗೆ ಬಂದು ಅವಳು ತಲೆ ಕೆಡಿಸಿಕೊಂಡಳು. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಸಿಕ್ಕಲಿ, ಗಂಟೆಗಳ ವಿಷಯ ಆಮೇಲೆ ತಿದ್ದಿಸೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಸದನದಲ್ಲಿ ಕೈ ಎತ್ತಿದಳು. ಎಲ್ಲರೂ ಮೇಜು ತಟ್ಟಿದರು.

ಅವಳ ತಂಗಿ ಇನ್ನೂ ಅದೇ ಅಂಗಡಿಯಲ್ಲಿ ಮಕ್ಕಳ ಬಟ್ಟೆ ಮಾರುತ್ತಿದ್ದಳು. ಕಾನೂನು ಜಾರಿಗೆ ಬಂದ ಮೇಲೆ ಒಂದು ರಜೆಯ ದಿನ ಬಂದು, ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಳು.

"ಕುರ್ಚಿ ಹಾಕಿದಾರಾ?" ಅಕ್ಕ ಕೇಳಿದಳು.

"ಹಾಕಿದಾರೆ. ಹಿಂದಿನ ಮೆಟ್ಟಿಲ ಹತ್ರ, ನಮ್ಮ ಅಂತಸ್ತಿಗೆಲ್ಲ ಸೇರಿ ಎರಡು. ಗಿರಾಕಿ ಇಲ್ಲದಾಗ ಕೂರಬಹುದು ಅಂತ ಕಾನೂನಲ್ಲಿ ಬರೆದಿದಾರಲ್ಲ, ಗಿರಾಕಿ ಯಾವಾಗಲೂ ಇದ್ದಾರೆ ಅಂತಾನೆ ಮ್ಯಾನೇಜರ್."

"ಮತ್ತೆ ಹೊತ್ತು?"

"ಹನ್ನೆರಡು ಗಂಟೆ ಜಾರಿಯಾದ ದಿನದಿಂದಲೇ ಶುರುವಾಯ್ತು." ತಂಗಿ ಕಾಲು ನೀವಿಕೊಂಡಳು. "ನೀನು ಕೈ ಎತ್ತಿದ್ದನ್ನ ಅಂಗಡಿ ಟಿವೀಲಿ ತೋರಿಸಿದ್ರು. ಮಾಲೀಕರೇ ನಮಗೆಲ್ಲ ಸಿಹಿ ಹಂಚಿದ್ರು."

"ನೀನು ತಿಂದೆಯಾ?"

"ತಿನ್ನದೆ ಏನು ಮಾಡ್ಲಿ? ಮ್ಯಾನೇಜರ್ ಎದುರಿಗೇ ನಿಂತಿದ್ದ."

ಆಮೇಲೆ ಕುರ್ಚಿಯಕ್ಕ ಸುಮ್ಮನಿರಲಿಲ್ಲ. ತಿದ್ದುಪಡಿ ತಂದಳು, ಚರ್ಚೆಗೇ ಬರಲಿಲ್ಲ. ಸಚಿವರ ಬಾಗಿಲು ಕಾದಳು. ಆಪ್ತ ಕಾರ್ಯದರ್ಶಿ, "ಸಾಹೇಬರು ಮೀಟಿಂಗ್‌ನಲ್ಲಿದಾರೆ" ಎನ್ನುವುದನ್ನು ಕಲಿತುಬಿಟ್ಟ. ಒಂದು ದಿನ ತಡೆಯಲಾರದೆ ಪತ್ರಕರ್ತರ ಮುಂದೆ, "ನನಗೆ ಮೋಸ ಮಾಡಿದರು" ಅಂದಳು. "ಕೈ ಎತ್ತಿದ್ದು ನೀವೇ ಅಲ್ವಾ ಮೇಡಂ?" ಎಂದು ಒಬ್ಬಾಕೆ ಕೇಳಿದಳು.

ಮುಂದಿನ ಚುನಾವಣೆಯಲ್ಲಿ ಟಿಕೆಟ್ ಆ ಅಂಗಡಿ ಮಾಲೀಕನ ಅಳಿಯನ ಪಾಲಾಯಿತು. ಅವಳು ಪಕ್ಷೇತರಳಾಗಿ ನಿಂತಳು. ಮತ ಕೇಳಲು ಅಂಗಡಿಯ ಹಿಂಬಾಗಿಲಲ್ಲಿ ಕಾದಾಗ, ಹೊರಬಂದ ಹೆಂಗಸರು ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಂದು ತಲೆಸುತ್ತಿ ಕೂತಿದ್ದವಳೂ ಆ ಗುಂಪಿನಲ್ಲಿದ್ದಳು. "ಬಸ್ಸು ತಪ್ಪುತ್ತೆ ಮೇಡಂ" ಎಂದು ಮೆತ್ತಗೆ ಹೇಳಿ ದಾಟಿಹೋದಳು. ಒಂದು ಕಾಲದಲ್ಲಿ ಅವಳು ಇವಳನ್ನು ಅಕ್ಕ ಎನ್ನುತ್ತಿದ್ದಳು.

ಠೇವಣಿಯೂ ಉಳಿಯಲಿಲ್ಲ. ಫಲಿತಾಂಶದ ಮಾರನೆಯ ದಿನ ತಂಗಿ ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದಳು. ಯಾರಿಗೆ ಹಾಕಿದೆ ಎಂದು ಅಕ್ಕ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ತಂಗಿಯೇ ಬಾಗಿಲಲ್ಲಿ ನಿಂತು ಹೇಳಿದಳು:

"ಆವತ್ತು ರಜಾ ಕೊಡಲಿಲ್ಲ ಅಕ್ಕ. ಬಿಡೋ ಹೊತ್ತಿಗೆ ಮತಗಟ್ಟೆ ಮುಚ್ಚಿತ್ತು. ನಾವು ಯಾರೂ ಹಾಕಲೇ ಇಲ್ಲ."

ಮತದಾನದ ದಿನ ರಜೆ ಕೊಡಲೇಬೇಕು, ಕಾನೂನಿದೆ ಎಂಬ ಮಾತು ಕುರ್ಚಿಯಕ್ಕನ ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ನುಂಗಿಕೊಂಡು, "ಹೊರಡು, ತಡವಾದ್ರೆ ಬೈತಾರೆ" ಎಂದಳು.