ರಬ್ಬರಕ್ಕ ಕಂಡ ನೀಲಿ

ಆ ಬೀದಿಯಲ್ಲಿ ಅವಳನ್ನು ಹುಟ್ಟುಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವಳು ರಬ್ಬರಕ್ಕ. ಅಣ್ಣನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಮೂವತ್ತೈದು ವರ್ಷ ಅವಳು ಮಾಡಿದ್ದು ಅಳಿಸುವ ಕೆಲಸವನ್ನೇ. ಮೊದಮೊದಲು ಸಣ್ಣ ಕುಂಚ ಹಿಡಿದು, ಆಮೇಲೆ ಕಂಪ್ಯೂಟರಿನಲ್ಲಿ. ಮದುಮಗಳ ಕೆನ್ನೆಯ ಮೊಡವೆ, ಪಾಸ್‌ಪೋರ್ಟಿಗೆಂದು ಬಂದವರ ಕಣ್ಣಡಿಯ ಕಪ್ಪು, ಗುಂಪು ಚಿತ್ರದಲ್ಲಿ ನಿಂತಿದ್ದ ಮಾತು ಬಿಟ್ಟ ಷಡ್ಡಕ, ಎಲ್ಲವನ್ನೂ ಅವಳು ಗುರುತು ಸಿಗದಂತೆ ಒರೆಸಿಬಿಡುತ್ತಿದ್ದಳು. ಎರಡು ವರ್ಷದ ಮೇಲೆ ಮಾತು ಕೂಡಿದಾಗ ಆ ಷಡ್ಡಕನನ್ನು ಅದೇ ಜಾಗದಲ್ಲಿ ವಾಪಸು ನಿಲ್ಲಿಸಿದವಳೂ ಅವಳೇ. ಮೂಲ ಚಿತ್ರಕ್ಕೆ ಅವಳು ಎಂದೂ ಕೈ ಹಚ್ಚುತ್ತಿರಲಿಲ್ಲ. ಪ್ರತಿ ಮಾಡಿಕೊಂಡು ಅದರ ಮೇಲೆ ಏನು ಬೇಕಾದರೂ ಮಾಡುತ್ತಿದ್ದಳು.

ಎಲ್ಲರ ಕೈಗೂ ಫೋನು ಬಂದು ಸ್ಟುಡಿಯೋಗೆ ಕಾಲಿಡುವವರು ಕಡಿಮೆಯಾದಾಗ ಅಣ್ಣ ಸುಮ್ಮನೆ ಕೂರಲಾರದೆ ಬೆಳಗಾಗುತ್ತಲೇ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಹೊತ್ತು ಕಡಲ ದಂಡೆಗೆ ಹೋಗತೊಡಗಿದ. ತಂದ ಚಿತ್ರಗಳೋ, ಸಂತೆ. ಖಾಲಿ ಬಾಟಲಿ, ಹೆಜ್ಜೆ ಗುರುತು, ವಿದ್ಯುತ್ ತಂತಿ, ಯಾರದೋ ಒದ್ದೆ ಬೆನ್ನು. ರಬ್ಬರಕ್ಕ ಅದರಲ್ಲೊಂದನ್ನು ತೆಗೆದುಕೊಂಡು ಒಂದೊಂದನ್ನೇ ಅಳಿಸುತ್ತಾ ಹೋದಳು. ಸಂಜೆಯ ಹೊತ್ತಿಗೆ ಉಳಿದದ್ದು ಹಾಲಿನಂಥ ನೀರು, ಅದರಲ್ಲಿ ಮುಳುಗಿದ ಒಂದು ಮರದ ಕಂಬ, ಕಂಬದ ತುದಿಯಲ್ಲಿ ಒಂದು ಬಿಳಿ ಹಕ್ಕಿ.

ಅಣ್ಣ ಬೆಚ್ಚಿಬಿದ್ದ. "ಏನೇ ಇದು? ಸಮುದ್ರಾನೇ ಒರೆಸಿಬಿಟ್ಟೆಯಲ್ಲ!"

"ಸಮುದ್ರ ಅಲ್ಲೇ ಇದೆ. ಅದಕ್ಕೆ ಅಡ್ಡ ನಿಂತಿದ್ದನ್ನ ತೆಗೆದೆ, ಅಷ್ಟೆ."

ಅದನ್ನು ಮುಂದಿನ ಗೋಡೆಗೆ ತೂಗುಹಾಕಿದ ಮೂರನೆಯ ದಿನ, ಗುರುತಿನ ಚೀಟಿಗೆ ಫೋಟೋ ತೆಗೆಸಲು ಬಂದವನೊಬ್ಬ ಅದರ ಮುಂದೆ ಅರ್ಧ ಗಂಟೆ ನಿಂತ. ಬಂದ ಕೆಲಸ ಮರೆತು ಅದರದೇ ಒಂದು ಪ್ರತಿ ಕೊಂಡು ಹೋದ. ಅಲ್ಲಿಂದ ಅಣ್ಣ ತಂಗಿಯ ಬದುಕು ಬೇರೆಯೇ ದಾರಿ ಹಿಡಿಯಿತು; ಇಂಥ ಚಿತ್ರ ಮಾಡಿ ಮಾರುವುದೇ ಅವರ ಕಸುಬಾಯಿತು.

ಕಡಿಮೆ ಇರುವ ಚಿತ್ರ ಸುಲಭದ್ದು ಅಂದುಕೊಂಡವರು ಅವಳ ಪಕ್ಕ ಒಂದು ದಿನ ಕೂರಬೇಕಿತ್ತು. ನೂರು ಜನರಿರುವ ಚಿತ್ರದಲ್ಲಿ ಒಂದು ಕಲೆ ಅಡಗಿಕೊಳ್ಳುತ್ತದೆ. ಒಂದೇ ಕಂಬವಿರುವ ಚಿತ್ರದಲ್ಲಿ ಧೂಳಿನ ಚುಕ್ಕಿಯೂ ಬೊಬ್ಬೆ ಹೊಡೆಯುತ್ತದೆ. ನೀರು ಮತ್ತು ಆಕಾಶ ಸೇರುವ ಗೆರೆ ಕೂದಲೆಳೆಯಷ್ಟು ವಾಲಿದರೂ "ನೀರು ಚೆಲ್ಲುತ್ತೆ" ಎಂದು ಗೊಣಗಿ ಸರಿಮಾಡುತ್ತಿದ್ದಳು. ಕಂಬವನ್ನು ಚೌಕಟ್ಟಿನ ನಡುವೆ ಇಡಬೇಕೋ, ಮೂಲೆಗೆ ಸರಿಸಬೇಕೋ ಎಂದು ಕತ್ತರಿಸಿ ನೋಡುವುದರಲ್ಲೇ ಒಂದು ಬೆಳಗು ಕಳೆಯುತ್ತಿತ್ತು. ಮುಗಿಯಿತು ಅನ್ನಿಸಿದ ಮೇಲೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು, ಬಾಗಿಲಲ್ಲೇ ನಿಂತು ಪರದೆಯತ್ತ ನೋಡುತ್ತಿದ್ದಳು. ಕಣ್ಣು ಎಲ್ಲಾದರೂ ಎಡವಿದರೆ ಮತ್ತೆ ಕೂರಬೇಕು. ಎಡವದಿದ್ದರೆ ಚಿತ್ರ ಆಯಿತು.

ಹೀಗೆ ನಾಲ್ಕು ವರ್ಷ. ಆಮೇಲೆ ಅವಳ ಹೊಸ ಚಿತ್ರಗಳಲ್ಲಿ ಬಿಳಿ ಹಕ್ಕಿ ಮೆಲ್ಲಗೆ ನೀಲಿಯಾಗತೊಡಗಿತು.

ಅಣ್ಣ ಮೊದಲೇ ಗಮನಿಸಿದ್ದ. ಆದರೆ ತಂಗಿಯ ಕೆಲಸದಲ್ಲಿ ಕೊಂಕು ತೆಗೆಯುವುದೆಂದರೆ ಹುತ್ತಕ್ಕೆ ಕೈ ಹಾಕಿದ ಹಾಗೆ. ಒಮ್ಮೆ ಮಾತ್ರ ಧೈರ್ಯ ಮಾಡಿ, "ನೀಲಿ ಒಂಚೂರು ಜಾಸ್ತಿ ಆಯ್ತೇನೋ?" ಅಂದಿದ್ದ.

"ನಿನ್ನ ಕ್ಯಾಮೆರಾನೇ ಹಳದಿ ಹೊಡೀತಿದೆ. ನಾನು ಸರಿ ಮಾಡದಿದ್ರೆ ಎಲ್ಲಾ ಚಹಾದಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತೆ."

ಬಡಪಾಯಿ ಅಣ್ಣ ಕ್ಯಾಮೆರಾವನ್ನು ರಿಪೇರಿಗೆ ಕೊಟ್ಟ. ಏನೂ ಕೆಟ್ಟಿಲ್ಲ ಎಂಬ ಚೀಟಿಯೊಂದಿಗೆ ಅದು ವಾಪಸು ಬಂತು. ಚೀಟಿಯನ್ನು ಜೇಬಿಗಿಳಿಸಿ ಬಾಯಿಗೆ ಬೀಗ ಹಾಕಿಕೊಂಡ.

ಒಂದು ಮಧ್ಯಾಹ್ನ ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಬಂದರು. ರೋಗಿಗಳು ಕಾಯುವ ಕೋಣೆಗೆ ಆರು ಚಿತ್ರ ಬೇಕಿತ್ತಂತೆ. ಗೋಡೆಯ ಮೇಲೆ ಚಿತ್ರಗಳು ಹಳೆಯದರಿಂದ ಹೊಸದರವರೆಗೆ ಸಾಲಾಗಿದ್ದವು. ಅವರು ಆ ತುದಿಯಿಂದ ಈ ತುದಿಗೆ ನಡೆದರು. ಮತ್ತೆ ಈ ತುದಿಯಿಂದ ಆ ತುದಿಗೆ.

"ಇವನ್ನೆಲ್ಲ ಒಬ್ಬರೇ ಮಾಡಿದ್ದಾ? ಅವರ ವಯಸ್ಸೆಷ್ಟು?"

ಚಿತ್ರ ಕೊಳ್ಳಲು ಬಂದವರಿಗೆ ವಯಸ್ಸಿನ ಉಸಾಬರಿ ಯಾಕೆ ಎಂದು ಅಣ್ಣನಿಗೆ ಇರುಸುಮುರುಸಾಯಿತು. ಆದರೂ ತಂಗಿಯನ್ನು ಕರೆದ. ಡಾಕ್ಟರಮ್ಮ ಕೊನೆಯ ಚಿತ್ರದತ್ತ ಬೆರಳು ಮಾಡಿದರು.

"ಅಕ್ಕ, ಈ ಹಕ್ಕಿ ಯಾವ ಬಣ್ಣ?"

"ಬಿಳಿ. ಇದೇನು ಪ್ರಶ್ನೆ?"

"ಅಣ್ಣಾವ್ರೇ, ನಿಮಗೆ?"

ಅಣ್ಣ ಚಾವಣಿ ನೋಡಿದ. ಫ್ಯಾನು ನೋಡಿದ. ಕೊನೆಗೆ ಕದ್ದು ಸಿಕ್ಕಿಬಿದ್ದವನಂತೆ, "ತಿಳಿ ನೀಲಿ" ಅಂದ.

ಡಾಕ್ಟರಮ್ಮ ಅವಳನ್ನು ಬೆಳಕಿಗೆ ಕರೆದು ಕಣ್ಣು ನೋಡಿ ಮೆಲ್ಲಗೆ ಹೇಳಿದರು. "ಪೊರೆ ಬಂದಿದೆ ಅಕ್ಕ, ಎರಡೂ ಕಣ್ಣಿಗೆ. ಪೊರೆ ಅಂದ್ರೆ ಹಳದಿ ಗಾಜು ಇಟ್ಕೊಂಡ ಹಾಗೆ. ನಿಧಾನಕ್ಕೆ ಬರೋದ್ರಿಂದ ಗೊತ್ತೇ ಆಗಲ್ಲ. ನಿಮಗೆ ಎಲ್ಲ ಹಳದಿ ಕಾಣ್ತಿತ್ತು, ಅದಕ್ಕೆ ನೀಲಿ ಹಾಕ್ತಾ ಬಂದ್ರಿ. ಪೊರೆ ಬೆಳೆದಿದ್ದೆಲ್ಲ ನಿಮ್ಮ ಗೋಡೆ ಮೇಲೇ ಬರೆದಿದೆ."

ಅವರು ಹೋದ ಮೇಲೆ ರಬ್ಬರಕ್ಕನ ಸಿಟ್ಟೆಲ್ಲ ಅಣ್ಣನ ಮೇಲೆ ತಿರುಗಿತು.

"ವರ್ಷದಿಂದ ಗೊತ್ತಿತ್ತಾ ನಿನಗೆ?"

"ಹೊಸ ಶೈಲಿ ಅಂದ್ಕೊಂಡೆ ಕಣೇ."

"ಶೈಲಿಯಂತೆ ಶೈಲಿ!"

ಸಿಟ್ಟು ಇಳಿದ ಮೇಲೆ ಭಯ ಹತ್ತಿತು. ಕಂಪ್ಯೂಟರಿನ ಮುಂದೆ ಕೂತು, ಅದುವರೆಗೆ ತಾನು ಕಡೆಗಣ್ಣಿನಿಂದಲೂ ನೋಡದಿದ್ದ ಒಂದು ಪುಟ್ಟ ಕಿಟಕಿ ತೆರೆದಳು. ಚಿತ್ರದ ಯಾವ ಚುಕ್ಕಿಯ ಮೇಲೆ ಬಾಣ ಇಟ್ಟರೂ ಅದರಲ್ಲಿ ಕೆಂಪೆಷ್ಟು, ಹಸಿರೆಷ್ಟು, ನೀಲಿ ಎಷ್ಟು ಎಂದು ಅಂಕಿ ಬರುತ್ತದೆ. ಬಿಳಿಯಾದರೆ ಮೂರೂ ಹೆಚ್ಚುಕಡಿಮೆ ಸಮ. ಹಳೆಯ ಹಕ್ಕಿಗಳೆಲ್ಲ ಸಮವಾಗಿದ್ದವು. ಹೊಸ ಹಕ್ಕಿಗಳಲ್ಲಿ ನೀಲಿ ಎಲ್ಲೋ ಮುಂದೆ ಓಡಿಹೋಗಿತ್ತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅಮ್ಮ ಬಡ್ಕೊಳ್ತಿದ್ಲು. ಕೇಳಿದ್ನಾ ನಾನು?" ಎಂದು ತನಗೆ ತಾನೇ ಬೈದುಕೊಂಡಳು. ಮಾರನೆಯ ಬೆಳಗ್ಗೆ ತಾನೇ ಆಸ್ಪತ್ರೆಗೆ ಹೋಗಿ ಹೆಸರು ಬರೆಸಿದಳು.

ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ಬಿಚ್ಚಿದಾಗ ಅವಳ ಬಾಯಿಂದ ಬಂದ ಮೊದಲ ಮಾತು, "ಅಯ್ಯೋ, ನನ್ನ ಕೈಚೀಲ ನೀಲೀನಾ! ಹಸಿರು ಅಂದ್ಕೊಂಡು ತಗೊಂಡಿದ್ದೆ." ಬಲಗಣ್ಣು ಮುಚ್ಚಿದರೆ ಹಾಸಿಗೆ ಹಳೆ ಕಾಗದದ ಬಣ್ಣ, ಎಡಗಣ್ಣು ಮುಚ್ಚಿದರೆ ಮಲ್ಲಿಗೆ ಬಿಳಿ. ಮಕ್ಕಳ ಹಾಗೆ ಮುಚ್ಚಿ ತೆರೆದು, ಮುಚ್ಚಿ ತೆರೆದು ನೋಡಿದಳು.

ಎರಡು ವಾರ ಬಿಟ್ಟು ಎಡಗಣ್ಣು ಅಂದರು ಡಾಕ್ಟರಮ್ಮ. ಅವಳು ಒಂದೂವರೆ ತಿಂಗಳು ಬೇಕೆಂದು ಪಟ್ಟು ಹಿಡಿದಳು.

"ಯಾಕಕ್ಕ, ಹೆದರಿಕೆನಾ?"

"ಹೆದರಿಕೆ ಅಲ್ಲಮ್ಮ. ಈ ಹಳೇ ಕಣ್ಣು ಇರೋವಾಗಲೇ ನನ್ನ ತಪ್ಪು ಎಷ್ಟು ಅಂತ ಅಳೆಯೋಕಾಗೋದು. ಇದೂ ಹೋದ್ರೆ ಸಾಕ್ಷಿ ಹೇಳೋರು ಯಾರು?"

ಡಾಕ್ಟರಮ್ಮ ನಕ್ಕುಬಿಟ್ಟರು, ಒಪ್ಪಿದರು.

ಕನ್ನಡಕದ ಎಡಗಡೆಗೆ ರಟ್ಟಿನ ತುಂಡು ಅಂಟಿಸಿಕೊಂಡು ರಬ್ಬರಕ್ಕ ಕೂತಳು. ನೀಲಿಗೆ ತಿರುಗಿದ್ದ ಚಿತ್ರಗಳು ಮೂವತ್ತೊಂದು. ಮೇಲ್ಮೇಲೆ ನೀಲಿ ಇಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಹೊಸ ಕಣ್ಣಿಗೆ ಬೇರೆ ಹುಳುಕೂ ಬಿತ್ತು: ಬಾಟಲಿ ಅಳಿಸಿದ ಜಾಗದಲ್ಲಿ ಒಂದೇ ಅಲೆ ಅವಳಿ ಮಕ್ಕಳಂತೆ ಎರಡು ಸಲ ಬಂದಿತ್ತು, ತಂತಿ ತೆಗೆದ ಕಡೆ ಆಕಾಶ ಮಾಸಿತ್ತು. ನೀಲಿಗಿಂತ ಇದು ಅವಳನ್ನು ಹೆಚ್ಚು ಚುಚ್ಚಿತು. ನೀಲಿ ಕಣ್ಣಿನ ತಪ್ಪು, ಇದು ಕೈಯ ತಪ್ಪು. ಮೂವತ್ತೊಂದರ ಮೂಲವನ್ನೂ ತೆರೆದು ಮೊದಲ ಚುಕ್ಕಿಯಿಂದ ಶುರುಮಾಡಿದಳು. ನಡುನಡುವೆ ರಟ್ಟನ್ನು ಬಲಕ್ಕೆ ಬದಲಾಯಿಸಿ ಹಳೆಯ ಕಣ್ಣಿನಿಂದ ನೋಡಿ, ತಾನು ಮೋಸ ಹೋದದ್ದು ಎಲ್ಲಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು. ನಾಲ್ಕು ವಾರದಲ್ಲಿ ಎಲ್ಲವೂ ಮುಗಿಯಿತು.

ಅವುಗಳಲ್ಲಿ ಹತ್ತೊಂಬತ್ತು ಆಗಲೇ ಊರಿನವರ ಮನೆ ಸೇರಿದ್ದವು. ಹೊಸದನ್ನು ಕೊಟ್ಟು ಹಳೆಯದನ್ನು ವಾಪಸು ತರುತ್ತೇನೆ ಎಂದು ಅವಳು ಹೊರಟಾಗ ಅಣ್ಣ ಅಡ್ಡ ನಿಂತ.

"ಯಾರೂ ಏನೂ ಅಂದಿಲ್ಲ. ಬೀದೀಲಿ ಹೋಗೋ ಮಾರೀನ ಮನೆಗೆ ಯಾಕೆ ಕರೀತೀಯ?"

"ತಪ್ಪೂ ನನ್ನದು, ಕಣ್ಣೂ ನನ್ನದು. ಗೋಡೆ ಮಾತ್ರ ಅವರದ್ದು. ಅವರ ಗೋಡೆ ಮೇಲೆ ನನ್ನ ಪೊರೆ ಯಾಕಿರ್ಬೇಕು?"

ಸುತ್ತಿದ ಚಿತ್ರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆ ತಿರುಗಿದಳು. ಹೆಚ್ಚಿನವರು ಎರಡನ್ನೂ ಪಕ್ಕಪಕ್ಕ ಹಿಡಿದು "ಹೌದಲ್ಲ!" ಎಂದು ಬೆರಗಾಗಿ ಬದಲಾಯಿಸಿಕೊಂಡರು. ಮೂಲೆಯಂಗಡಿಯ ಕ್ಷೌರಿಕ ಮಾತ್ರ ಎಷ್ಟು ಹೊತ್ತು ನೋಡಿದರೂ, "ಎರಡೂ ಒಂದೇ ಥರ ಇದೆಯಲ್ಲಕ್ಕ" ಅಂದ. ರಬ್ಬರಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, "ನಿನಗೆ ಎಷ್ಟು ವಯಸ್ಸು?" ಎಂದು ಕೇಳಿದಳು. ಅರವತ್ತೆರಡು. ಮರುದಿನವೇ ಅವನನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಅವಳ ಅನುಮಾನ ಸುಳ್ಳಾಗಲಿಲ್ಲ.

ಒಬ್ಬರು ಮಾತ್ರ ಕೊಡಲೊಪ್ಪಲಿಲ್ಲ. ನಿವೃತ್ತ ಟೀಚರು, ಗಂಡ ತೀರಿಕೊಂಡ ವಾರ ಆ ಚಿತ್ರ ಕೊಂಡವರು. "ಹೊಸದು ಚೆನ್ನಾಗಿದೆ. ಆದ್ರೆ ಬೆಳಗಾದ್ರೆ ನಾನು ನೋಡೋದು ಇದನ್ನ. ಇದರ ಜೊತೆ ಒಗ್ಗಿಹೋಗಿದ್ದೀನಿ, ಬಿಟ್ಟುಬಿಡಿ."

"ಇದು ತಪ್ಪು ಬಣ್ಣ, ಟೀಚರೇ."

"ಇರಲಿ ಬಿಡಿ."

ರಬ್ಬರಕ್ಕ ಪೆನ್ನು ಕೇಳಿ ಪಡೆದು, ಚಿತ್ರದ ಹಿಂಬದಿಗೆ "ಈ ನೀಲಿ ಕಡಲಿನದಲ್ಲ, ನನ್ನ ಕಣ್ಣಿನದು" ಎಂದು ಬರೆದು, ರುಜು ಹಾಕಿ, ತಾನೇ ಮೊಳೆಗೆ ತೂಗುಹಾಕಿ ಬಂದಳು. ಮೂವತ್ತೈದು ವರ್ಷದಲ್ಲಿ ಅವಳು ಒಂದು ಚಿತ್ರಕ್ಕೆ ರುಜು ಹಾಕಿದ್ದು ಅದೇ ಮೊದಲು.

ಎಡಗಣ್ಣೂ ಆಯಿತು. ಆಸ್ಪತ್ರೆಯ ಗೋಡೆಗೆ ಆರು ಚಿತ್ರಗಳು ಏರಿದವು. ಈಗ ಸ್ಟುಡಿಯೋದಲ್ಲಿ ಹೊಸ ಕಟ್ಟಳೆ: ಯಾವ ಚಿತ್ರವೂ ಅಣ್ಣ ನೋಡಿ ಬಾಯಿ ಬಿಡದೆ ಮುದ್ರಣಕ್ಕೆ ಹೋಗುವಂತಿಲ್ಲ. "ಚೆನ್ನಾಗಿದೆ" ಎಂಬ ಮಾತು ಲೆಕ್ಕಕ್ಕಿಲ್ಲ. ಏನು ಕಂಡಿತೋ ಅದನ್ನೇ ಹೇಳಬೇಕು. ಅಣ್ಣ ಮೊದಲ ಕೆಲವು ದಿನ ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಕಳೆದ. ಕೊನೆಗೊಂದು ದಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಎಡಗಡೆ ನೆರಳು ಸ್ವಲ್ಪ ಹಸಿರು ಹೊಡೀತಿದೆ" ಅಂದ, ಅಂದು ಎರಡು ಹೆಜ್ಜೆ ಹಿಂದೆ ಸರಿದ.

ರಬ್ಬರಕ್ಕ ಒಂದು ಕಣ್ಣಿನಿಂದ ನೋಡಿದಳು, ಇನ್ನೊಂದರಿಂದ ನೋಡಿದಳು, ಬಾಣ ಇಟ್ಟು ಅಂಕಿ ನೋಡಿದಳು.

"ಸರಿಯಾಗಿ ಹೇಳಿದೆ ನೋಡು," ಅಂದಳು.

ಅಣ್ಣ ಆ ದಿನ ಗಡ್ಡವಿಲ್ಲದಿದ್ದರೂ, ತಂಗಿಯ ಈ ಮಾತನ್ನು ಹೇಳಿಕೊಳ್ಳಲೆಂದೇ ಕ್ಷೌರಿಕನ ಅಂಗಡಿಗೆ ಎರಡು ಸಲ ಹೋಗಿ ಬಂದ.